ಹಿಡಿಯುವ ಹಾಳೆ, ಬಿಡುವ ಹಾಳೆ

ಡೋಣಿ ನದಿ ದಂಡೆಯ ಸಾರವಾಡದಲ್ಲಿ ದಿನನಿತ್ಯದ ರೊಟ್ಟಿಗೆ ಯಾವ ಹಾಳೆಯೂ ಬೇಕಿಲ್ಲ. ಎರೆಹೊಲದ ಬಿಳಿಜೋಳದ ಹಿಟ್ಟು, ಕುದಿಯುವ ಎಸರು, ಬದಿಗೆ ಒಂದಿಷ್ಟು ಒಣಹಿಟ್ಟು ಇದ್ದರೆ ಸಾಕು, ಉಳಿದದ್ದನ್ನೆಲ್ಲ ಕೈ ನೋಡಿಕೊಳ್ಳುತ್ತದೆ. ಹಾಳೆಯ ಹುಡುಕಾಟ ಶುರುವಾಗುವುದು ಹೋಳಿಗೆಯ ದಿನ. ಯುಗಾದಿಯೋ ಹೋಳಿಹುಣ್ಣಿಮೆಯೋ ಬಂತೆಂದರೆ ಒಂದು ಮನೆಯಲ್ಲಿ ಹಾಲಿನ ಪ್ಯಾಕೆಟ್ ಸೀಳಿ ತೊಳೆದಿಡುತ್ತಾರೆ, ಇನ್ನೊಂದು ಮನೆಯವರು ವಿಜಯಪುರದ ಪೇಟೆಯಿಂದ ಬಟರ್ ಪೇಪರ್ ತರಿಸುತ್ತಾರೆ, ಮತ್ತೊಬ್ಬರು ಕಳೆದ ವರ್ಷದ ಎಣ್ಣೆಹಾಳೆಯನ್ನೇ ಕಪಾಟಿನಿಂದ ತೆಗೆಯುತ್ತಾರೆ. ಕಣಕ ಅದೇ, ಹೂರಣ ಅದೇ, ಕೈ ಕೂಡ ಅದೇ. ಆದರೂ ಒಂದು ಹಾಳೆಯಿಂದ ಹೋಳಿಗೆ ಸಲೀಸಾಗಿ ಹಂಚಿಗೆ ಇಳಿಯುತ್ತದೆ, ಇನ್ನೊಂದರ ಮೇಲೆ ಕಚ್ಚಿಕೊಂಡು ನಡುವೆ ಹರಿದು ಹೂರಣ ಹೊರಗೆ ಬರುತ್ತದೆ.

ಹಾಗಾದರೆ ಸರಿಯಾದ ಹಾಳೆ ಯಾವುದು? ಈ ಪ್ರಶ್ನೆಗೆ ‘ಅಂಟದ ಹಾಳೆ’ ಎಂಬ ಉತ್ತರ ತಟ್ಟನೆ ಹೊಳೆಯುತ್ತದೆ. ಆದರೆ ಅದು ಅರ್ಧ ಉತ್ತರ. ಲಟ್ಟಿಸುವಾಗ ಹಾಳೆ ಹಿಟ್ಟನ್ನು ಹಿಡಿದುಕೊಳ್ಳಬೇಕು, ಬಿಡಿಸುವಾಗ ಬಿಟ್ಟುಕೊಡಬೇಕು. ಒಂದೇ ಮೇಲ್ಮೈ ಈ ಎರಡು ವಿರುದ್ಧ ಕೆಲಸಗಳನ್ನು ಅರ್ಧ ನಿಮಿಷದ ಅಂತರದಲ್ಲಿ ಮಾಡಬೇಕು. ಈ ಅಧ್ಯಾಯದ ವಿಷಯ ಇದೇ.

ಮೊದಲು ರೊಟ್ಟಿಯನ್ನು ನೋಡೋಣ, ಹಾಳೆಯಿಲ್ಲದೆ ಅದಕ್ಕೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಹೋಳಿಗೆಯ ಕಷ್ಟ ಅರ್ಥವಾಗುತ್ತದೆ. ಜೋಳದ ಪ್ರೋಟೀನಿನ ಹೆಸರು ಕೆಫಿರಿನ್. ಅದು ಕಾಳಿನೊಳಗೆ ಸೂಕ್ಷ್ಮ ಗುಂಡುಗಳಾಗಿ ಮುಚ್ಚಿಕೊಂಡಿರುತ್ತದೆ, ನೀರು ಬಿದ್ದರೂ ಬಿಚ್ಚಿ ಬಲೆ ಹೆಣೆಯುವುದಿಲ್ಲ. ಹಾಗಾಗಿ ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಿದರೆ ಬಿರಿಯುತ್ತದೆ. ಎಸರು ಹಾಕುವುದು ಈ ಕೊರತೆ ನೀಗಲು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು ಗಂಜಿಯಾಗುತ್ತವೆ. ಕುದಿನೀರು ಬಿದ್ದ ಭಾಗ ಹೀಗೆ ಗಂಜಿಯಾಗಿ ಉಳಿದ ಹಿಟ್ಟನ್ನು ಕಟ್ಟಿ ಹಿಡಿಯುತ್ತದೆ. ಗಂಜಿ ಅಂಟುವ ವಸ್ತುವೇ. ಆದರೆ ಕೆಳಗೆ ಉದುರಿಸಿದ ಒಣಹಿಟ್ಟಿನ ಕಣಗಳು ಹಿಟ್ಟಿನ ಮುದ್ದೆಗೂ ಕಲ್ಲಿಗೂ ನಡುವೆ ನಿಂತು, ಹೊರಮೈಯ ತೇವವನ್ನು ಹೀರಿ, ಎರಡೂ ನೇರವಾಗಿ ಮುಟ್ಟದಂತೆ ಮಾಡುತ್ತವೆ. ಅದಕ್ಕೇ ರೊಟ್ಟಿ ಬಡಿಯುವಾಗ ತಾನೇ ತಿರುಗುತ್ತ ಹೋಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲುಮೈ ಒರೆಸುವುದೂ ಇದೇ ಲೆಕ್ಕದ ಮುಂದಿನ ಹೆಜ್ಜೆ: ಅಲ್ಲಿಯವರೆಗೆ ಬೇಕಾಗಿದ್ದ ಒಣಹಿಟ್ಟು ಇನ್ನು ಬೇಡ, ಆ ನೀರಿಗೆ ಅದು ಗಂಜಿಯಾಗಿ ಮೇಲಿನ ಸಣ್ಣ ಬಿರುಕು ಮುಚ್ಚುತ್ತದೆ, ಉಗಿ ಒಳಗೇ ಸಿಕ್ಕಿ ರೊಟ್ಟಿ ಉಬ್ಬುತ್ತದೆ. ಇಷ್ಟು ಅಚ್ಚುಕಟ್ಟಾದ ತಂತ್ರವನ್ನು ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಗೋಧಿಯ ಕಣಕದ ಸ್ವಭಾವ ಬೇರೆ. ಇಟಲಿಯ ಬೊಲೊನ್ಯಾದ ಜಾಕೊಪೊ ಬೆಕ್ಕಾರಿ ಗೋಧಿ ಹಿಟ್ಟಿನ ಮುದ್ದೆಯನ್ನು ನೀರಲ್ಲಿ ತೊಳೆಯುತ್ತ ಹೋಗಿ, ಪಿಷ್ಟವೆಲ್ಲ ಹರಿದುಹೋದ ಮೇಲೆ ಉಳಿದ ಜಿಗುಟು ಪದಾರ್ಥವನ್ನು 1728ರಲ್ಲಿ ವಿವರಿಸಿದ. 1745ರಲ್ಲಿ ಅದು ಅಚ್ಚಾಯಿತು. ನಾವೀಗ ಗ್ಲುಟೆನ್ ಎನ್ನುವುದು ಅದನ್ನೇ. ಇದರಲ್ಲಿ ಎರಡು ಬಗೆಯ ಪ್ರೋಟೀನ್ ಇವೆ. ಗ್ಲುಟೆನಿನ್ ಎಂಬುದು ಉದ್ದನೆಯ ಸರಪಳಿ, ಎಳೆದರೆ ಮತ್ತೆ ಕುಗ್ಗುತ್ತದೆ. ಗ್ಲಯಾಡಿನ್ ಎಂಬುದು ಗಿಡ್ಡ, ಅದು ಹಿಟ್ಟಿಗೆ ಹರಿಯುವ ಗುಣ ಕೊಡುತ್ತದೆ. ಹೋಳಿಗೆಯ ಕಣಕಕ್ಕೆ ಎಳೆದಷ್ಟು ಚಾಚುವ ಗುಣ ಬೇಕು, ಹಿಂದಕ್ಕೆ ಜಿಗಿಯುವ ಗುಣ ಬೇಡ. ಆದ್ದರಿಂದಲೇ ನೀರು ಸ್ವಲ್ಪ ಹೆಚ್ಚೇ ಹಾಕಿ, ಚೆನ್ನಾಗಿ ನಾದಿ, ಎಣ್ಣೆ ಸುರಿದು ತಾಸುಗಟ್ಟಲೆ ನೆನೆಯಲು ಬಿಡುವುದು. ಆ ಹೊತ್ತಿನಲ್ಲಿ ಬಲೆಯೊಳಗಿನ ಬಿಗಿತ ಸಡಿಲಾಗುತ್ತದೆ. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸುವುದಕ್ಕೂ ಕಾರಣವಿದೆ: ತೌಡಿನ ಚೂಪು ಚೂರುಗಳು ತೆಳುವಾಗಿ ಚಾಚಿದ ಬಲೆಯನ್ನು ಕತ್ತರಿಸಿ ತೂತು ಮಾಡುತ್ತವೆ. ಈ ಸೀಮೆಯಲ್ಲಿ ಹುಗ್ಗಿಗೆ ಹೆಸರಾದ ಸದಕ ಗೋಧಿಯಿಂದ ಹೋಳಿಗೆ ಮಾಡುವವರಿಗೆ ಇನ್ನೊಂದು ಕಷ್ಟ. ಸದಕದ ರುಚಿ ದೊಡ್ಡದು, ಆದರೆ ಅದರ ಗ್ಲುಟೆನ್ ಬಲೆ ದುರ್ಬಲ. ಬೇಗ ಹರಿಯುವ ಅಂಥ ಕಣಕಕ್ಕೆ ಒಳ್ಳೆಯ ಹಾಳೆಯ ಆಸರೆ ಇನ್ನೂ ಹೆಚ್ಚು ಬೇಕು.

ಹಿಟ್ಟು ಹಚ್ಚಿ ಮಣೆಯ ಮೇಲೆ ಲಟ್ಟಿಸುವ ಹೋಳಿಗೆಯ ಕ್ರಮವೂ ನಮ್ಮಲ್ಲಿ ಉಂಟು, ಅದಕ್ಕೆ ಕಣಕ ಸ್ವಲ್ಪ ಗಟ್ಟಿಯಿರುತ್ತದೆ. ಎಣ್ಣೆಯಲ್ಲಿ ನೆಂದ ಮೆತ್ತನೆಯ ಕಣಕಕ್ಕೆ ಒಣಹಿಟ್ಟು ಕೆಲಸಕ್ಕೆ ಬರುವುದಿಲ್ಲ. ಹಾಕಿದ ಹಿಟ್ಟನ್ನು ಅದು ಕ್ಷಣದಲ್ಲಿ ನುಂಗುತ್ತದೆ, ಉಳಿದದ್ದು ಹಂಚಿನ ಮೇಲೆ ಕರಿಯಾಗುತ್ತದೆ. ಅಲ್ಲಿಗೆ ಹಾಳೆಯೇ ಗತಿ.

ಅಂಟುವುದು ಎಂದರೇನು ಎಂಬುದನ್ನು ಈಗ ಕೇಳಬೇಕು. ಎರಡು ಮೇಲ್ಮೈಗಳ ಅಣುಗಳು ತೀರ ಹತ್ತಿರ ಬಂದರೆ ಒಂದನ್ನೊಂದು ಸೆಳೆಯುತ್ತವೆ. ಕಲ್ಲಿಗೆ ಕಲ್ಲು ಏಕೆ ಅಂಟುವುದಿಲ್ಲ ಎಂದರೆ ಎರಡರ ಮೈಯೂ ಉಬ್ಬುತಗ್ಗು, ನಿಜವಾಗಿ ಮುಟ್ಟುವ ಜಾಗ ಬಹಳ ಕಡಿಮೆ. ಮೆತ್ತನೆಯ ವಸ್ತುವಾದರೆ ಎದುರಿನ ಉಬ್ಬುತಗ್ಗುಗಳಿಗೆಲ್ಲ ಇಳಿದು ತುಂಬಿಕೊಳ್ಳುತ್ತದೆ. ಎಷ್ಟು ಮೆತ್ತಗಿದ್ದರೆ ಅಂಟುತ್ತದೆ ಎಂಬುದಕ್ಕೆ ಅಮೆರಿಕದ 3ಎಂ ಕಂಪನಿಯ ವಿಜ್ಞಾನಿ ಕಾರ್ಲ್ ಡಾಲ್‌ಕ್ವಿಸ್ಟ್ ಒಂದು ಗೆರೆ ಎಳೆದಿದ್ದಾನೆ. ವಸ್ತುವಿನ ಬಿಗಿತ ಸುಮಾರು 3 ಲಕ್ಷ ಪ್ಯಾಸ್ಕಲ್ಲಿಗಿಂತ ಕಡಿಮೆಯಿದ್ದರೆ ಮುಟ್ಟಿದ ಮಾತ್ರಕ್ಕೇ ಅದು ಹಿಡಿದುಕೊಳ್ಳಬಲ್ಲದು. ಗೋಧಿ ಹಿಟ್ಟಿನ ಮುದ್ದೆಯ ಬಿಗಿತ ಕೆಲವು ಸಾವಿರದಿಂದ ಹತ್ತಾರು ಸಾವಿರ ಪ್ಯಾಸ್ಕಲ್, ಅಂದರೆ ಗೆರೆಗಿಂತ ಬಹಳ ಕೆಳಗೆ. ಹೋಳಿಗೆಯ ಕಣಕ ಅಂಟುವುದು ಮಾಡಿದವರ ಕೈತಪ್ಪಲ್ಲ, ಅದರ ಹುಟ್ಟುಗುಣ.

ಎದುರಿನ ಮೇಲ್ಮೈಯ ಗುಣವೂ ಲೆಕ್ಕಕ್ಕೆ ಬರುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಅಡುಗೆ ಎಣ್ಣೆಯದು ಸುಮಾರು 32. ಪಾಲಿಥೀನಿನ ಮೇಲ್ಮೈ ಶಕ್ತಿ ಸುಮಾರು 31, ಸಿಲಿಕೋನಿನದು 20ರ ಆಸುಪಾಸು. ಮೇಲ್ಮೈ ಶಕ್ತಿ ಕಡಿಮೆಯಾದಷ್ಟೂ ಅದರ ಮೇಲೆ ನೀರು ಹರಡದೆ ಹನಿಯಾಗಿ ನಿಲ್ಲುತ್ತದೆ, ನೀರು ತುಂಬಿದ ಹಿಟ್ಟಿಗೂ ಅಲ್ಲಿ ಹಿಡಿತ ಸಿಗುವುದಿಲ್ಲ. ಎಣ್ಣೆ ಮಾತ್ರ ಪಾಲಿಥೀನ್ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ, ಏಕೆಂದರೆ ಎರಡರ ಅಂಕಿ ಹತ್ತಿರ ಹತ್ತಿರ. ಹಾಲಿನ ಪ್ಯಾಕೆಟ್ಟಿಗೆ ಎಣ್ಣೆ ಸವರಿದರೆ ಸಿಗುವುದು ಕಣಕಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಒಂದು ದ್ರವದ ಪದರ. ಬಿಡಿಸುವಾಗ ಹರಿಯುವುದು ಆ ಎಣ್ಣೆಯ ಪದರ, ಕಣಕವಲ್ಲ.

ಹೀಗಿದ್ದರೆ ಹಾಲಿನ ಪ್ಯಾಕೆಟ್ಟೇ ಸಾಕಲ್ಲ? ಬಿಡುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಹಿಡಿಯುವ ಕೆಲಸದಲ್ಲಿ ಸೋಲುತ್ತದೆ. ನುಣುಪು ಪ್ಲಾಸ್ಟಿಕ್ಕಿನ ಮೇಲೆ ಎಣ್ಣೆ ಹೆಚ್ಚಾದರೆ ಕಣಕ ಬೆರಳಿನ ಜೊತೆ ಜಾರುತ್ತದೆ, ಚಾಚಿ ಕೈ ತೆಗೆದೊಡನೆ ಗ್ಲುಟೆನ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಂಚು ದಪ್ಪ, ನಡುವೆ ತೆಳುವಾದ ಹೋಳಿಗೆ ಹೀಗೆ ಆಗುತ್ತದೆ. ಇನ್ನೊಂದು ತೊಂದರೆ ಬಿಸಿಯದು. ಪ್ಯಾಕೆಟ್ಟಿನ ಪಾಲಿಥೀನ್ 105ರಿಂದ 115 ಡಿಗ್ರಿಗೆ ಕರಗುತ್ತದೆ, ಹೋಳಿಗೆ ಬೇಯುವ ಹಂಚು ಅದಕ್ಕಿಂತ ಬಹಳ ಬಿಸಿ. ಹಾಳೆಯ ಸಮೇತ ಮಗುಚುವಾಗ ಒಂದು ಮೂಲೆ ತಾಗಿದರೂ ಪ್ಲಾಸ್ಟಿಕ್ ಹಂಚಿಗೆ ಹತ್ತಿ, ಅಲ್ಲಿಂದ ಮುಂದಿನ ಹೋಳಿಗೆಗೆ ಬರುತ್ತದೆ. ಪ್ಲಾಸ್ಟಿಕ್ ಬಳಸುವುದಾದರೆ ಹೋಳಿಗೆಯನ್ನು ಮೊದಲು ಅಂಗೈಗೆ ಬಿಡಿಸಿಕೊಂಡು ಆಮೇಲೆ ಹಂಚಿಗೆ ಹಾಕಬೇಕು, ಇದರಲ್ಲಿ ರಾಜಿ ಬೇಡ.

ಬಾಳೆ ಎಲೆ ಸಿಗುವ ಊರಿನವರಿಗೆ ಈ ಚಿಂತೆಯಿಲ್ಲ. ಎಲೆಯ ಮೇಲೆ ಗಿಡವೇ ಬಳಿದುಕೊಂಡ ಮೇಣವಿದೆ, ಸೂಕ್ಷ್ಮದಲ್ಲಿ ಅದು ನುಣುಪಲ್ಲ, ಹಾಗಾಗಿ ಎಣ್ಣೆಯನ್ನೂ ಹಿಡಿದಿಡುತ್ತದೆ, ನೀರನ್ನೂ ದೂರವಿಡುತ್ತದೆ. ಕ್ಷಣಕಾಲ ಹಂಚಿಗೆ ತಾಗಿದರೂ ಎಲೆಯ ಒಳಗಿನ ನೀರು ಅದನ್ನು ಕಾಯುತ್ತದೆ. ಆದರೆ ಮಳೆಯನ್ನೇ ನೆಚ್ಚಿದ ಎರೆಭೂಮಿಯಲ್ಲಿ ಹಬ್ಬದ ದಿನ ಪ್ರತಿ ಮನೆಗೂ ಬಾಳೆ ಎಲೆ ಒದಗುವ ಮಾತಲ್ಲ. ‘ಡೋಣಿ ಹರಿದರೆ ಓಣಿಗೆಲ್ಲ ಜೋಳ’ ಎಂಬ ಗಾದೆ ಹುಟ್ಟಿದ ನೆಲ ಇದು, ಇಲ್ಲಿಯ ಸಂಪತ್ತು ಬೇರೆ.

ಉಳಿದದ್ದು ಕಾಗದ. ಸುದ್ದಿಪತ್ರಿಕೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಅದರ ಶಾಯಿ ಎಣ್ಣೆಯಲ್ಲಿ ಕರಗಿ ಹಿಟ್ಟಿಗೆ ಬರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ತಿನಿಸು ಸುತ್ತಲು, ಕಟ್ಟಲು ಸುದ್ದಿಪತ್ರಿಕೆಯನ್ನು ನಿಷೇಧಿಸಿವೆ. ಮಣೆಯ ಮೇಲೂ ಅದಕ್ಕೆ ಜಾಗವಿಲ್ಲ.

ಅಂಗಡಿಯಲ್ಲಿ ‘ಬಟರ್ ಪೇಪರ್’ ಎಂದು ಕೇಳಿದರೆ ಕೊಡುವುದು ಒಂದೇ ವಸ್ತುವಲ್ಲ. ಕನಿಷ್ಠ ನಾಲ್ಕು ಬೇರೆ ಬೇರೆ ಕಾಗದಗಳಿಗೆ ಆ ಹೆಸರಿದೆ. ಹಬ್ಬದ ದಿನದ ಅರ್ಧ ಗೋಳಿಗೆ ಮೂಲ ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹಾಸು. ನಾರಿಗೂ ನಾರಿಗೂ ನಡುವೆ ಹೈಡ್ರೋಜನ್ ಬಂಧಗಳಿವೆ, ಬಂಧವಿಲ್ಲದ ಕಡೆ ಗಾಳಿ ತುಂಬಿದ ಸಂದುಗಳಿವೆ. ಸಾದಾ ಕಾಗದಕ್ಕೆ ನೀರು ಬಿದ್ದರೆ ನೀರಿನ ಅಣುಗಳು ಆ ಬಂಧಗಳ ನಡುವೆ ನುಗ್ಗಿ ನಾರುಗಳನ್ನು ಬಿಡಿಸುತ್ತವೆ, ಕಾಗದ ನೆನೆದು ಹರಿಯುತ್ತದೆ. ಎಣ್ಣೆ ಬಿದ್ದರೆ ಸಂದುಗಳಿಗೆ ಇಳಿದು ಆಚೆ ಬದಿಗೆ ಹೋಗುತ್ತದೆ. ಮೇಲೆ ಎಣ್ಣೆಯೇ ಉಳಿಯದ ಮೇಲೆ ಕಣಕ ನಾರಿಗೆ ಕಚ್ಚಿಕೊಳ್ಳದೆ ಏನು ಮಾಡೀತು? ಈ ಸಂದುಗಳನ್ನು ಮುಚ್ಚಲು ನಾಲ್ಕು ದಾರಿ ಹುಡುಕಿದ್ದಾರೆ.

ಮೊದಲನೆಯದು ತಿರುಳನ್ನು ಬಹಳ ಹೊತ್ತು ಅರೆಯುವುದು. ನಾರುಗಳು ಸೀಳಿ ಎಳೆ ಎಳೆಯಾಗಿ ಒತ್ತೊತ್ತಾಗಿ ಕೂರುತ್ತವೆ, ಎಣ್ಣೆ ದಾಟುವುದು ಕಷ್ಟವಾಗುತ್ತದೆ. ಮಿಠಾಯಿ ಅಂಗಡಿಯಲ್ಲಿ ಸುತ್ತಿಕೊಡುವ, ತುಸು ಪಾರದರ್ಶಕ ಕಾಗದ ಸಾಮಾನ್ಯವಾಗಿ ಈ ಜಾತಿಯದು. ಎಣ್ಣೆ ತಡೆಯುತ್ತದೆ, ನೀರಿಗೆ ಮಾತ್ರ ಸೋಲುತ್ತದೆ. ಒಂದೆರಡು ಹೋಳಿಗೆ ಆದ ಮೇಲೆ ಮುದುಡಿ ನೆರಿಗೆ ಬೀಳುತ್ತದೆ, ಆ ನೆರಿಗೆ ಹೋಳಿಗೆಯ ಮೈಮೇಲೆ ಮೂಡುತ್ತದೆ.

ಎರಡನೆಯದು ಮೇಣ ಬಳಿಯುವುದು. ಪ್ಯಾರಾಫಿನ್ ಮೇಣ 60 ಡಿಗ್ರಿ ಆಸುಪಾಸಿಗೇ ಕರಗುತ್ತದೆ. ತಣ್ಣಗಿನ ತಿಂಡಿ ಕಟ್ಟಲು ಸರಿ, ಹಂಚಿನ ಹತ್ತಿರ ತರಬಾರದು.

ಮೂರನೆಯದರ ಕಥೆ ಸೊಗಸಾದದ್ದು. 1840ರ ದಶಕದಲ್ಲಿ ಫ್ರಾನ್ಸಿನ ಪುಮಾರೆಡ್ ಮತ್ತು ಫಿಗಿಯೆ ಎಂಬ ಇಬ್ಬರು ಸಾದಾ ಕಾಗದವನ್ನು ಗಂಧಕಾಮ್ಲದಲ್ಲಿ ಕ್ಷಣಕಾಲ ಅದ್ದಿ ತಕ್ಷಣ ತೊಳೆದರು. ಆಮ್ಲ ತಾಗಿದ ಹೊರಮೈಯ ಸೆಲ್ಯುಲೋಸ್ ಉಬ್ಬಿ ಅಂಟಿನಂತಾಗಿ ಸಂದುಗಳಿಗೆ ಇಳಿದು, ತೊಳೆದಾಗ ಅಲ್ಲೇ ಗಟ್ಟಿಯಾಯಿತು. ಬೇರೆ ಏನನ್ನೂ ಬಳಿಯದೆ ಕಾಗದದ ತೂತನ್ನು ಕಾಗದದಿಂದಲೇ ಮುಚ್ಚಿದ ಹಾಗಾಯಿತು. ಹಿಂದೆ ಬರೆಯಲು ಬಳಸುತ್ತಿದ್ದ ಚರ್ಮದ ಹಾಳೆಯ ಹಾಗೆ ಕಾಣುತ್ತಿದ್ದುದರಿಂದ ಇದಕ್ಕೆ ಪಾರ್ಚ್‌ಮೆಂಟ್ ಎಂಬ ಹೆಸರು ನಿಂತಿತು. ಇದು ಎಣ್ಣೆಗೂ ಜಗ್ಗುವುದಿಲ್ಲ, ನೆನೆದರೂ ಹರಿಯುವುದಿಲ್ಲ. ನಾಲ್ಕನೆಯದು ಇದೇ ಪಾರ್ಚ್‌ಮೆಂಟಿನ ಮೇಲೆ ಸಿಲಿಕೋನಿನ ತೆಳು ಲೇಪ ಕೊಟ್ಟದ್ದು, ಬೇಕಿಂಗ್ ಪೇಪರ್ ಎಂದು ಸುರುಳಿಯಲ್ಲಿ ಸಿಗುತ್ತದೆ. ಸುಮಾರು 220 ಡಿಗ್ರಿಯವರೆಗೂ ತಡೆಯುತ್ತದೆ.

ಅಂಗಡಿಯವರು ಕೊಟ್ಟ ಕಾಗದ ಇವುಗಳಲ್ಲಿ ಯಾವ ಜಾತಿ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಒಂದು ಚೂರಿಗೆ ಒಂದು ಹನಿ ಎಣ್ಣೆ ಹಾಕಿ ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಿರಿ. ಸಾದಾ ಕಾಗದವಾದರೆ ಆ ಜಾಗ ಗಾಜಿನಂತೆ ತಿಳಿಯಾಗಿರುತ್ತದೆ. ಸೆಲ್ಯುಲೋಸಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಗಾಳಿಯದು 1. ಈ ಅಂತರದಿಂದ ಬೆಳಕು ಚದುರಿ ಕಾಗದ ಬೆಳ್ಳಗೆ ಕಾಣುತ್ತಿತ್ತು. ಗಾಳಿಯ ಜಾಗಕ್ಕೆ 1.47 ಸೂಚ್ಯಂಕದ ಎಣ್ಣೆ ಬಂದೊಡನೆ ಅಂತರ ಅಳಿಯಿತು, ಬೆಳಕು ನೇರ ಹಾಯಿತು. ಕಲೆ ಆಚೆ ಬದಿಗೆ ಮೂಡದಿದ್ದರೆ ಎಣ್ಣೆ ತಡೆಯುವ ಕಾಗದ. ಇನ್ನೊಂದು ಚೂರನ್ನು ಉಗುರಿನಿಂದ ಕೆರೆಯಿರಿ, ಬೆಳ್ಳನೆಯ ಮೇಣ ಉಗುರಿಗೆ ಬಂದರೆ ಅದನ್ನು ಬದಿಗಿಡಿ. ಮೂರನೆಯ ಚೂರನ್ನು ನೀರಲ್ಲಿ ಹತ್ತು ನಿಮಿಷ ನೆನೆಸಿ ಎಳೆಯಿರಿ. ಸುಲಭಕ್ಕೆ ಹರಿಯದಿದ್ದರೆ ಕೈಯಲ್ಲಿರುವುದು ಪಾರ್ಚ್‌ಮೆಂಟ್. ಇನ್ನೊಂದು ಎಚ್ಚರಿಕೆ: ಎಣ್ಣೆ ಹರಡದೆ ಮುತ್ತಿನಂತೆ ದುಂಡಗೆ ನಿಂತರೆ ಆ ಕಾಗದಕ್ಕೆ ಫ್ಲೂರಿನ್ ಸಂಯುಕ್ತಗಳ ಲೇಪ ಇರುವ ಸಂಭವವಿದೆ. ಪಿಎಫ್‌ಎಎಸ್ ಎಂಬ ಈ ಗುಂಪು ಮಣ್ಣಿನಲ್ಲೂ ದೇಹದಲ್ಲೂ ಬೇಗ ಅಳಿಯುವುದಿಲ್ಲ. ಎಣ್ಣೆ ತಡೆಯಲೆಂದು ಆಹಾರದ ಕಾಗದಗಳಿಗೆ ಇದನ್ನು ಹಾಕುವುದು ಅಮೆರಿಕದ ಮಾರುಕಟ್ಟೆಯಲ್ಲಿ ನಿಂತಿದೆಯೆಂದು ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ 2024ರಲ್ಲಿ ಪ್ರಕಟಿಸಿತು. ಹೋಳಿಗೆಗೆ ಅಂಥ ಕಾಗದದ ಅಗತ್ಯ ಏನೂ ಇಲ್ಲ.

ನನ್ನ ಆಯ್ಕೆ ಸಿಲಿಕೋನ್ ಇಲ್ಲದ ಬರಿಯ ಪಾರ್ಚ್‌ಮೆಂಟ್, ಅದರ ಮೇಲೆ ಎಣ್ಣೆಯ ತೆಳು ಸವರು. ಸಿಲಿಕೋನ್ ಹಾಳೆ ಬಿಡುವುದರಲ್ಲಿ ಮೇಲುಗೈ, ಆದರೆ ಮೆತ್ತನೆಯ ಕಣಕ ಅದರ ಮೇಲೂ ಜಾರಿ ಹಿಂದೆ ಕುಗ್ಗುತ್ತದೆ, ಎಣ್ಣೆಯೂ ಅಲ್ಲಲ್ಲಿ ಒಡೆದು ನಿಲ್ಲುತ್ತದೆ. ಪಾರ್ಚ್‌ಮೆಂಟಿನ ಮೈಯಲ್ಲಿ ಬೆರಳಿಗೆ ಮಾತ್ರ ಗೊತ್ತಾಗುವ ಸಣ್ಣ ಒರಟುತನವಿದೆ. ಆ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಉಬ್ಬುಗಳು ಕಣಕವನ್ನು ಪಕ್ಕಕ್ಕೆ ಜಾರದಂತೆ ಹಿಡಿಯುತ್ತವೆ. ಹಾಳೆಯೇ ಮಣೆಯ ಮೇಲೆ ಓಡಾಡಿದರೆ ಮಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಹಾಳೆ ಹಾಸಬೇಕು. ತೆಳು ನೀರಿನ ಪದರ ಅದನ್ನು ಕಚ್ಚಿ ಹಿಡಿಯುತ್ತದೆ.

ಇನ್ನು ಬಿಡಿಸುವ ಗಳಿಗೆ. ಅತ್ತೆಯಂದಿರು ಹೊಸ ಸೊಸೆಗೆ ಹೇಳುವ ಮಾತೊಂದಿದೆ: “ಹೋಳಿಗಿ ಜಗ್ಗಬ್ಯಾಡವಾ, ಹಾಳಿ ಬಿಡಸು.” ಇದರ ಹಿಂದಿನ ಗಣಿತವನ್ನು 1944ರಲ್ಲಿ ರೊನಾಲ್ಡ್ ರಿವ್ಲಿನ್ ಬರೆದ. ಅಂಟಿದ ಪಟ್ಟಿಯನ್ನು ಬಿಡಿಸಲು ಬೇಕಾದ ಬಲ ಎಳೆಯುವ ಕೋನವನ್ನು ಅವಲಂಬಿಸಿದೆ. ನೇರ ಮೇಲಕ್ಕೆ, ಅಂದರೆ 90 ಡಿಗ್ರಿಗೆ ಎಳೆದಾಗ ಬೇಕಾಗುವ ಬಲವನ್ನು 1 ಎಂದು ಇಟ್ಟುಕೊಂಡರೆ, 30 ಡಿಗ್ರಿಯ ಓರೆ ಎಳೆತಕ್ಕೆ ಸುಮಾರು ಏಳೂವರೆ ಪಟ್ಟು ಬಲ ಬೇಕು. ಹಾಳೆಯನ್ನು ಪೂರ್ತಿ ಹಿಂದಕ್ಕೆ ಮಡಚಿ 180 ಡಿಗ್ರಿಗೆ ಎಳೆದರೆ ಅರ್ಧ ಸಾಕು. ಹೋಳಿಗೆಯ ಅಂಚು ಹಿಡಿದು ಹಾಗೆ ಓರೆಯಾಗಿ ಜಗ್ಗಿದವರು, ಹಾಳೆ ಮಡಚಿ ಬಿಡಿಸುವುದಕ್ಕೆ ಹೋಲಿಸಿದರೆ, ಹದಿನೈದು ಪಟ್ಟು ಬಲವನ್ನು ಹರಿಯುವ ಹಿಟ್ಟಿನ ಮೇಲೆಯೇ ಹಾಕುತ್ತಾರೆ. ಹಾಳೆಯ ಸಮೇತ ಅಂಗೈ ಮೇಲೆ ಬೋರಲು ಹಾಕಿ, ಹಾಳೆಯನ್ನು ಅದರ ಬೆನ್ನ ಮೇಲೆಯೇ ಮಡಚಿಕೊಂಡು ಬಂದರೆ ಹೋಳಿಗೆಗೆ ಎಳೆತವೇ ತಾಗದು. ತೆಳುವಾಗಿ, ಮುರಿಯದೆ ಬಾಗುವ ಹಾಳೆ ಬೇಕೆನ್ನುವುದೂ ಇದಕ್ಕೇ. ದಪ್ಪ ಹಾಳೆ ಅಷ್ಟು ಬಿಗಿಯಾಗಿ ಮಡಚುವುದಿಲ್ಲ.

ಅವಸರವೂ ಕೂಡದು. ದ್ರವದ ತೆಳು ಪದರದಿಂದ ಕೂಡಿದ ಎರಡು ಮೈಗಳನ್ನು ಬೇರ್ಪಡಿಸುವ ಬಲ, ಆ ದ್ರವದ ಸ್ನಿಗ್ಧತೆಗೂ ಎಳೆಯುವ ವೇಗಕ್ಕೂ ತಕ್ಕಂತೆ ಏರುತ್ತದೆ ಎಂದು ಜೋಸೆಫ್ ಸ್ಟೆಫಾನ್ 1874ರಲ್ಲಿ ತೋರಿಸಿದ. ನಿಧಾನಕ್ಕೆ ಬಿಡಿಸಿದರೆ ಎಣ್ಣೆಗೆ ಹರಿದು ಜಾಗ ಕೊಡಲು ಸಮಯ ಸಿಗುತ್ತದೆ. ಹೂರಣ ಹೊರಬಂದ ಜಾಗದಲ್ಲೇ ಹೋಳಿಗೆ ಏಕೆ ಕಚ್ಚುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅಲ್ಲಿ ಎಣ್ಣೆಯ ಬದಲು ಬೆಲ್ಲದ ಪಾಕ ಕೂತಿರುತ್ತದೆ, ಅದರ ಸ್ನಿಗ್ಧತೆ ಎಣ್ಣೆಗಿಂತ ಎಷ್ಟೋ ಪಟ್ಟು ಹೆಚ್ಚು.

ಪಶ್ಚಿಮದ ಅಡುಗೆಮನೆಗಳಲ್ಲಿ ಹಣ್ಣಿನ ಹೂರಣ ತುಂಬಿ ಬೇಯಿಸುವ ಪೈ ಎಂಬ ತಿನಿಸಿಗೂ ಹೀಗೇ ಹಾಳೆ ಬೇಕಾಗುತ್ತದೆ, ಕಾರಣ ಮಾತ್ರ ಉಲ್ಟಾ. ಅವರಿಗೆ ಗ್ಲುಟೆನ್ ಬೆಳೆಯಬಾರದು, ಹಿಟ್ಟಿನಲ್ಲಿ ತಣ್ಣನೆಯ ಬೆಣ್ಣೆಯ ಚೂರುಗಳು ಹಾಗೇ ಉಳಿಯಬೇಕು, ಒಲೆಯಲ್ಲಿ ಅವು ಕರಗಿದಾಗಲೇ ಪದರ ಬಿಡುವುದು. ಒಣಹಿಟ್ಟು ಹೆಚ್ಚಾದರೆ ಪದರ ಗಟ್ಟಿ. ಹಾಗಾಗಿ ಎರಡು ಪಾರ್ಚ್‌ಮೆಂಟ್ ಹಾಳೆಗಳ ನಡುವೆ ಮುದ್ದೆಯಿಟ್ಟು ಲಟ್ಟಿಸುತ್ತಾರೆ. ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗುವುದರಿಂದ ಸಾರವಾಡದ ಏಪ್ರಿಲ್ ಬಿಸಿಲಲ್ಲಿ ಆ ಹಿಟ್ಟು ಹಾಳೆಯ ಮೇಲೆಯೇ ಕರಗಿ ಹರಡೀತು. ಮೊದಲೇ ಎಣ್ಣೆಯಲ್ಲಿ ಮುಳುಗಿಸಿಟ್ಟ ಕಣಕಕ್ಕೆ ಆ ಬಿಸಿಲಿನ ಭಯವಿಲ್ಲ. ನೆಲದ ಹವೆಗೆ ಹೊಂದಿದ ಅಡುಗೆ ಎಂದು ನಾನು ಗೌರವದಿಂದ ಹೇಳುವುದು ಇಂಥದ್ದನ್ನು ನೋಡಿಯೇ.

ಪಾರ್ಚ್‌ಮೆಂಟ್ ಹಾಳೆಯನ್ನು ಒರೆಸಿ ಮತ್ತೆ ಮತ್ತೆ ಬಳಸಬಹುದು. ಆದರೆ ವಿಜಯಪುರ ಸೀಮೆಯ ಮನೆಗಳಲ್ಲಿ ಒಂದು ವಿಷಯ ಗಮನಿಸಬೇಕು. ಇಲ್ಲಿಯ ಹೊಲಗಳಲ್ಲಿ ಜೋಳ, ಕಡಲೆಯ ಜೊತೆ ಬೆಳೆಯುವ ಕುಸುಬಿಯ ಎಣ್ಣೆಯಲ್ಲಿ, ಹಳೆಯ ತಳಿಗಳದ್ದಾದರೆ, ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವಿರುತ್ತದೆ. ಅದರ ಸರಪಳಿಯ ಎರಡು ಕಡೆ ಜೋಡಿ ಬಂಧಗಳಿವೆ, ಗಾಳಿಯ ಆಮ್ಲಜನಕ ಅಲ್ಲಿಗೆ ಬಂದು ಅಣುವಿಗೆ ಅಣುವನ್ನು ಬೆಸೆಯುತ್ತದೆ. ತೆಳುವಾಗಿ ಸವರಿ ಬಿಟ್ಟ ಕುಸುಬಿ ಎಣ್ಣೆ ವಾರಗಳಲ್ಲಿ ಜಿಗುಟಾಗಿ, ಕ್ರಮೇಣ ಒಣ ಪೊರೆಯಾಗುತ್ತದೆ. ಚಿತ್ರಕಾರರು ಬಣ್ಣ ಕಲಸಲು ಈ ಎಣ್ಣೆಯನ್ನು ಬಳಸುವುದೂ ಈ ಗುಣಕ್ಕಾಗಿಯೇ. ಶೇಂಗಾ ಎಣ್ಣೆ ಇಷ್ಟು ಬೇಗ ಹೀಗಾಗುವುದಿಲ್ಲ. ಕಪಾಟಿನಲ್ಲಿ ಎಣ್ಣೆ ಸಮೇತ ಮಡಚಿಟ್ಟ ಕಳೆದ ವರ್ಷದ ಹಾಳೆ ಈ ವರ್ಷ ಹೋಳಿಗೆಯನ್ನು ಬಿಡದಿದ್ದರೆ ಹೊಸ ಎಣ್ಣೆ ಎಷ್ಟು ಸುರಿದರೂ ಪ್ರಯೋಜನವಿಲ್ಲ, ಕಣಕ ಕಚ್ಚುತ್ತಿರುವುದು ಆ ಹಳೆಯ ಪೊರೆಗೆ. ಹಬ್ಬ ಮುಗಿದ ಸಂಜೆಯೇ ಬಿಸಿನೀರು, ಸಾಬೂನಿನಿಂದ ತೊಳೆದು, ಮಡಚದೆ ನೆರಳಲ್ಲಿ ಒಣಗಿಸಿ, ಲಟ್ಟಣಿಗೆಗೆ ಸುತ್ತಿ ಇಡಬೇಕು.